ಗೆದ್ದ ಮೇಲೂ ಇವಳು ಯಾಕೆ ಹೀಗಿದ್ದಾಳೆ?

ಜುಲೈ ತಿಂಗಳು. ನಾಪೋಕ್ಲು ಕಡೆ ಮಳೆ ಹಿಡಿದರೆ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಶಾಲೆಗೆ ರಜೆ ಕೊಟ್ಟಿದ್ದರು. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಒಂಬತ್ತನೇ ತರಗತಿಯ ಅಕ್ಕನ ಮಗಳು ಒಲೆಯ ಪಕ್ಕ ಕೂತು, ಟಾರ್ಚ್ ಬೆಳಕಿನಲ್ಲಿ 'ಮಾಕಿಂಗ್‌ಜೇ' ಓದಿ ಮುಗಿಸಿದಳು. ಕ್ಯಾಟ್ನಿಸ್ ಎಂಬ ಹುಡುಗಿ ನಾಯಕಿಯಾಗಿರುವ 'ದಿ ಹಂಗರ್ ಗೇಮ್ಸ್' ಸರಣಿಯ ಮೂರನೆಯ ಪುಸ್ತಕ ಅದು. ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಚಿಕ್ಕಮ್ಮ, ಇವಳ ಕಡೆಯವರು ಗೆದ್ದರಲ್ವಾ? ಮತ್ತೆ ಇವಳು ಯಾಕೆ ಹೀಗಿದ್ದಾಳೆ?"

ಅವತ್ತು ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಆದರೆ ಆ ಪ್ರಶ್ನೆ ಬಿಡಲಿಲ್ಲ. ಹದಿಹರೆಯದವರಿಗಾಗಿ ಬರೆದ ಇಂಥ ಯುದ್ಧದ ಕಾದಂಬರಿಗಳನ್ನು, 'ಡಿಸ್ಟೋಪಿಯಾ' ಕಥೆಗಳು ಅಂತಾರಲ್ಲ ಅವುಗಳನ್ನು, ಒಂದೊಂದಾಗಿ ಮತ್ತೆ ತೆಗೆದು ಓದಿದೆ. ಓದುತ್ತಾ ಹೋದಂತೆ ಗೊತ್ತಾಗಿದ್ದು ಏನೆಂದರೆ, ಇವುಗಳಲ್ಲಿ ಒಳ್ಳೆಯವೆಲ್ಲ ನಮ್ಮ ಹುಡುಗಿ ಕೇಳಿದ ಪ್ರಶ್ನೆಯ ಸುತ್ತಲೇ ತಿರುಗುತ್ತವೆ. ಬಾಂಬು, ಬಂದೂಕು, ಓಟ, ಅಡಗುವುದು ಎಲ್ಲ ಇರುತ್ತದೆ. ಆದರೆ ಬರೆದವರ ಗಮನ ಹೋಗುವುದು ಯುದ್ಧ ಮುಗಿದ ಮರುದಿನ ಬೆಳಗ್ಗೆ ಎದ್ದ ಮನುಷ್ಯರ ಕಡೆಗೆ. ಮಕ್ಕಳು ಈ ಪುಸ್ತಕಗಳನ್ನು ಯಾಕೆ ಬಿಡದೆ ಓದುತ್ತಾರೆ ಅಂತ ಅರ್ಥವಾಗದ ತಂದೆತಾಯಿಗಳಿಗೆ, ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕು ಅನಿಸಿತು. ಕಥೆಗಳ ಕೊನೆಯನ್ನೂ ಹೇಳುತ್ತೇನೆ. ಕೊನೆ ಹೇಳದೆ ಈ ವಿಷಯ ಮಾತಾಡಲು ಆಗುವುದಿಲ್ಲ.

ಮೊದಲು ಆ 'ಡಿಸ್ಟೋಪಿಯಾ' ಎಂಬ ಪದ. 1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ಒಂದು ಕಲ್ಪನೆಯ ದ್ವೀಪದ ಬಗ್ಗೆ ಬರೆದು ಅದಕ್ಕೆ 'ಯುಟೋಪಿಯಾ' ಅಂತ ಹೆಸರಿಟ್ಟ. ನಾವು ರಾಮರಾಜ್ಯ ಅಂತೀವಲ್ಲ, ಹೆಚ್ಚು ಕಡಿಮೆ ಆ ಭಾವ. ಅದರ ತಿರುವು ಡಿಸ್ಟೋಪಿಯಾ, ಅಂದರೆ ಕೆಟ್ಟ ನಾಡು. 1868ರಲ್ಲಿ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿನ ಭಾಷಣದಲ್ಲಿ ಆ ಪದ ಬಳಸಿದ. ಡಿಸ್ಟೋಪಿಯಾ ಕಥೆ ಇವತ್ತಿನ ಒಂದು ಕೆಟ್ಟ ಗುಣವನ್ನು ಹಿಡಿದು ಎಳೆಯುತ್ತಾ ಹೋಗುತ್ತದೆ. ಜನರ ಮೇಲೆ ಕಣ್ಣಿಡುವುದು ಇರಬಹುದು, ಹಸಿವು ಇರಬಹುದು, ಸುಳ್ಳು ಸುದ್ದಿ ಇರಬಹುದು. ಅದು ಇಡೀ ದೇಶವನ್ನೇ ನುಂಗಿದರೆ ಬದುಕು ಹೇಗಿರುತ್ತದೆ ಅಂತ ತೋರಿಸುತ್ತದೆ. ಹದಿಹರೆಯದವರಿಗಾಗಿ ಬರೆದದ್ದಾದರೆ ಆ ಬದುಕನ್ನು ನೋಡುವ ಕಣ್ಣು ಹದಿಮೂರರಿಂದ ಹದಿನೆಂಟರ ಹುಡುಗ ಅಥವಾ ಹುಡುಗಿಯದು.

ಈ ಕೆಟ್ಟ ನಾಡು ಹುಟ್ಟಿದ್ದು ಹೇಗೆ ಅಂತ ಹಿಂದಕ್ಕೆ ಹುಡುಕಿದರೆ ಬಹಳ ಸಲ ಒಂದು ಯುದ್ಧ ಸಿಗುತ್ತದೆ. ಕಥೆ ಶುರುವಾಗುವ ಮೊದಲೇ ನಡೆದುಹೋದ ಯುದ್ಧ. ಆ ಯುದ್ಧದ ಕಥೆ ಯಾರ ಬಾಯಲ್ಲಿದೆ ಅನ್ನುವುದು ಇಲ್ಲಿ ಮುಖ್ಯ.

ಸುಸಾನ್ ಕಾಲಿನ್ಸ್ ಬರೆದ 'ದಿ ಹಂಗರ್ ಗೇಮ್ಸ್' 2008ರಲ್ಲಿ ಬಂತು. ಅದರಲ್ಲಿ ಪಾನೆಮ್ ಅಂತ ಒಂದು ದೇಶ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ರೊಟ್ಟಿ ಅಂತ ಅರ್ಥ. ಜನರಿಗೆ ರೊಟ್ಟಿ ಮತ್ತು ಆಟ ಕೊಟ್ಟರೆ ಸಾಕು, ಸುಮ್ಮನಿರುತ್ತಾರೆ ಅನ್ನುವ ರೋಮನ್ನರ ಕಾಲದ ಮಾತಿನಿಂದ ಬಂದ ಹೆಸರು. ಮಧ್ಯದಲ್ಲಿ ಶ್ರೀಮಂತ ರಾಜಧಾನಿ, ಸುತ್ತ ದುಡಿಯುವ ಜಿಲ್ಲೆಗಳು. ಹಿಂದೊಮ್ಮೆ ಜಿಲ್ಲೆಗಳು ದಂಗೆ ಎದ್ದು ಸೋತವು. ಅದಕ್ಕೆ ಶಿಕ್ಷೆಯಾಗಿ ಪ್ರತಿ ವರ್ಷ ಹನ್ನೆರಡು ಜಿಲ್ಲೆಗಳಿಂದ ಒಬ್ಬ ಹುಡುಗ, ಒಬ್ಬ ಹುಡುಗಿ, ಒಟ್ಟು 24 ಮಕ್ಕಳನ್ನು ಚೀಟಿ ಎತ್ತಿ ಆರಿಸುತ್ತಾರೆ. ವಯಸ್ಸು 12ರಿಂದ 18. ಒಬ್ಬರು ಉಳಿಯುವ ತನಕ ಅವರು ಒಬ್ಬರನ್ನೊಬ್ಬರು ಕೊಲ್ಲಬೇಕು. ದೇಶವೆಲ್ಲ ಟಿವಿಯಲ್ಲಿ ನೋಡಬೇಕು. ಚೀಟಿ ಎತ್ತುವ ಮೊದಲು ಊರಿನ ಮುಖ್ಯಸ್ಥ ಎದ್ದು ನಿಂತು ಆ ಹಳೆಯ ಯುದ್ಧದ ಚರಿತ್ರೆ ಓದುತ್ತಾನೆ. 74 ವರ್ಷ ಹೀಗೆ ನಡೆದಿದೆ. ಯುದ್ಧದ ನೆನಪನ್ನು ಆರಲು ಬಿಡದೆ ಇಟ್ಟುಕೊಂಡು, ಅದನ್ನೇ ಚಾಟಿ ಮಾಡಿಕೊಂಡ ದೇಶ ಅದು.

ಇದಕ್ಕೆ ಪೂರಾ ವಿರುದ್ಧವಾದ ಊರು ಲೋಯಿಸ್ ಲೌರಿ 1993ರಲ್ಲಿ ಬರೆದ 'ದಿ ಗಿವರ್' ಪುಸ್ತಕದಲ್ಲಿದೆ. ಅಲ್ಲಿ ಯಾರಿಗೂ ಯುದ್ಧ ಗೊತ್ತಿಲ್ಲ. ನೋವು, ಹಸಿವು, ಬಣ್ಣ ಯಾವುದೂ ಗೊತ್ತಿಲ್ಲ. ಹಳೆಯ ನೆನಪುಗಳನ್ನೆಲ್ಲ ಒಬ್ಬ ಮುದುಕನಲ್ಲಿ ಇಟ್ಟು ಊರು ನೆಮ್ಮದಿಯಾಗಿದೆ. ಹನ್ನೆರಡು ವರ್ಷದ ಜೋನಾಸ್ ಎಂಬ ಹುಡುಗ ಆ ನೆನಪುಗಳನ್ನು ಪಡೆದುಕೊಳ್ಳಲು ಆಯ್ಕೆಯಾಗುತ್ತಾನೆ. ಒಂದು ದಿನ ಮುದುಕ ಅವನಿಗೆ ಯುದ್ಧದ ನೆನಪು ಕೊಡುತ್ತಾನೆ. ಹೊಲದ ತುಂಬ ಗಾಯಗೊಂಡವರು, ಕುದುರೆಗಳ ನರಳಾಟ. ಇನ್ನೂ ಹುಡುಗನೇ ಆದ ಒಬ್ಬ ಸೈನಿಕ ನೀರು ಕೇಳುತ್ತಾನೆ. ಕುಡಿಸುವಷ್ಟರಲ್ಲಿ ಸಾಯುತ್ತಾನೆ. ಅಧ್ಯಾಯ ತುಂಬ ಚಿಕ್ಕದು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಮುಂದೆ ಬರುವ ಒಂದು ದೃಶ್ಯ. ಜೋನಾಸ್‌ನ ಗೆಳೆಯರು ಮೈದಾನದಲ್ಲಿ ಆಡುತ್ತಿದ್ದಾರೆ. ಕೈಯನ್ನೇ ಆಯುಧದ ಹಾಗೆ ಹಿಡಿದು ಗುರಿಯಿಡುತ್ತಾರೆ, ಬೀಳುತ್ತಾರೆ, ನಗುತ್ತಾರೆ. ಅದು ಯುದ್ಧದ ಆಟ ಅಂತ ಜೋನಾಸ್‌ಗೆ ಮೊದಲ ಸಲ ಗೊತ್ತಾಗುತ್ತದೆ. ಆಡಬೇಡಿ ಅಂತ ಬೇಡಿಕೊಳ್ಳುತ್ತಾನೆ. ಗೆಳೆಯರಿಗೆ ಇವನಿಗೆ ಏನಾಗಿದೆ ಅಂತಲೇ ತಿಳಿಯುವುದಿಲ್ಲ. ನೆನಪು ಅಳಿಸಿ ಎಷ್ಟೋ ಕಾಲ ಆಗಿದ್ದರೂ ಆಟ ಮಾತ್ರ ಉಳಿದಿದೆ.

ಪ್ಯಾಟ್ರಿಕ್ ನೆಸ್ ಬರೆದ 'ಕೇಯಾಸ್ ವಾಕಿಂಗ್' ಸರಣಿಯಲ್ಲಿ (2008ರಿಂದ 2010) ಮೂರನೆಯ ದಾರಿ ಇದೆ. ಅಲ್ಲಿ ನೆನಪು ಇದೆ, ಆದರೆ ಅದು ಸುಳ್ಳು. ಟಾಡ್ ಎಂಬ ಹುಡುಗ ಹೆಂಗಸರೇ ಇಲ್ಲದ ಊರಿನಲ್ಲಿ ಬೆಳೆಯುತ್ತಾನೆ. ಸ್ಪ್ಯಾಕಲ್ ಎಂಬ ಬೇರೆ ಜೀವಿಗಳ ಜೊತೆ ಯುದ್ಧವಾಯಿತು, ಅವರು ಹರಡಿದ ರೋಗದಿಂದ ಹೆಂಗಸರು ಸತ್ತರು ಅಂತ ಅವನಿಗೆ ಹೇಳಿಕೊಟ್ಟಿದ್ದಾರೆ. ಊರು ಬಿಟ್ಟು ಓಡಿದ ಮೇಲೆ ತಿಳಿಯುತ್ತದೆ: ಹೆಂಗಸರನ್ನು ಕೊಂದದ್ದು ಅದೇ ಊರಿನ ಗಂಡಸರು. ತನ್ನನ್ನು ಸಾಕಿದವರ ಬಾಯಿಂದಲೇ ಸುಳ್ಳು ಚರಿತ್ರೆ ಕಲಿತ ಹುಡುಗ ಇನ್ನು ಯಾರನ್ನು ನಂಬಬೇಕು? ಹದಿನಾಲ್ಕು ಹದಿನೈದರ ಮಕ್ಕಳು ಮನೆಯಲ್ಲಿ, ಶಾಲೆಯಲ್ಲಿ ಹೇಳಿದ್ದನ್ನೆಲ್ಲ ಮರುಪ್ರಶ್ನೆ ಮಾಡುವ ವಯಸ್ಸಿನಲ್ಲೇ ಇರುತ್ತಾರೆ. ಅದಕ್ಕೇ ಈ ಕಥೆ ಅವರಿಗೆ ನಾಟುತ್ತದೆ.

ಉರುಳು

ಈಗ ಯುದ್ಧದ ಒಳಗೆ ಬರೋಣ. ಇಲ್ಲಿ ಒಂದೇ ಒಂದು ಉದಾಹರಣೆಯನ್ನು ನಿಧಾನವಾಗಿ ನೋಡಬೇಕು ಅಂತ ನನ್ನ ಆಸೆ.

ನಮ್ಮ ಕಡೆ ಉರುಳು ಅಂದರೆ ಎಲ್ಲರಿಗೂ ಗೊತ್ತು. ತೋಟದ ಬೇಲಿ ಪಕ್ಕ ಹಂದಿ ಬರುವ ದಾರಿಯಲ್ಲಿ ತಂತಿ ಕಟ್ಟಿಡುವುದು. ಉರುಳು ಇಡುವವನಿಗೆ ಪ್ರಾಣಿಯ ಅಭ್ಯಾಸ ಗೊತ್ತಿರಬೇಕು. ಅದು ಎಲ್ಲಿ ನೀರು ಕುಡಿಯುತ್ತದೆ, ಎಲ್ಲಿ ತಲೆ ತಗ್ಗಿಸುತ್ತದೆ, ಯಾವ ವಾಸನೆಗೆ ಹತ್ತಿರ ಬರುತ್ತದೆ. 'ಹಂಗರ್ ಗೇಮ್ಸ್' ಸರಣಿಯ ನಾಯಕಿ ಕ್ಯಾಟ್ನಿಸ್ ಬಿಲ್ಲು ಹಿಡಿಯುವವಳು. ಅವಳ ಗೆಳೆಯ ಗೇಲ್ ಉರುಳು ಇಡುವುದರಲ್ಲಿ ನಿಪುಣ. ಮೊದಲ ಪುಸ್ತಕದಲ್ಲಿ ಅದು ಎರಡು ಬಡ ಕುಟುಂಬಗಳ ಹೊಟ್ಟೆ ತುಂಬಿಸುವ ವಿದ್ಯೆ. ಓದುವವರಿಗೂ ಅವರ ಮೇಲೆ ಪ್ರೀತಿ ಬರುತ್ತದೆ.

ಮೂರನೆಯ ಪುಸ್ತಕದಲ್ಲಿ ದಂಗೆ ಮತ್ತೆ ಶುರುವಾಗಿದೆ. ಗೇಲ್ ದಂಗೆಕೋರರ ಆಯುಧ ವಿಭಾಗದಲ್ಲಿ ಕೆಲಸಕ್ಕೆ ಸೇರುತ್ತಾನೆ. ಅದೇ ಉರುಳಿನ ಲೆಕ್ಕಾಚಾರವನ್ನು ಮನುಷ್ಯರ ಮೇಲೆ ಹಾಕುತ್ತಾರೆ. ಮನುಷ್ಯನ ಅಭ್ಯಾಸ ಏನು? ಗಾಯಗೊಂಡವರನ್ನು ನೋಡಿದರೆ ಓಡಿ ಬರುವುದು. ಹಾಗಾದರೆ ಮೊದಲು ಒಂದು ಬಾಂಬ್ ಸಿಡಿಸಿ. ಸ್ವಲ್ಪ ಸಮಯ ಕೊಡಿ. ಸಹಾಯ ಮಾಡುವವರು ಬಂದು ಸೇರಲಿ. ಆಮೇಲೆ ಎರಡನೆಯದು. ಕರುಣೆಯೇ ಇಲ್ಲಿ ಉರುಳಿನ ತಂತಿ. ಇದು ಗೆರೆ ದಾಟಿದ ಹಾಗಲ್ಲವೇ ಅಂತ ಕ್ಯಾಟ್ನಿಸ್ ಕೇಳುತ್ತಾಳೆ. ಶತ್ರು ಮಾಡಿದ್ದನ್ನೇ ನಾವೂ ಮಾಡುತ್ತಿದ್ದೇವೆ ಅನ್ನುವಂಥ ಉತ್ತರ ಬರುತ್ತದೆ.

ಯುದ್ಧದ ಕೊನೆಯ ದಿನ ರಾಜಧಾನಿಯ ಅಧ್ಯಕ್ಷರ ಮನೆ ಮುಂದೆ ಅದೇ ಊರಿನ ಮಕ್ಕಳನ್ನು ಬೇಲಿಯೊಳಗೆ ಕೂಡಿಹಾಕಿರುತ್ತಾರೆ. ಆಕಾಶದಿಂದ ಚಿಕ್ಕ ಚಿಕ್ಕ ಪ್ಯಾರಾಚೂಟ್‌ಗಳು ಇಳಿಯುತ್ತವೆ. ಅಂಥ ಪ್ಯಾರಾಚೂಟ್‌ಗಳಲ್ಲಿ ಊಟ, ಔಷಧಿ ಬರುವುದನ್ನು ಟಿವಿಯಲ್ಲಿ ನೋಡಿಯೇ ಬೆಳೆದ ಮಕ್ಕಳು ಅವು. ಕೈ ಚಾಚುತ್ತವೆ. ಕೆಲವು ಸಿಡಿಯುತ್ತವೆ. ದಂಗೆಕೋರರ ಕಡೆಯ ವೈದ್ಯಕೀಯ ತಂಡ ಓಡಿ ಬರುತ್ತದೆ. ಅದರಲ್ಲಿ ಕ್ಯಾಟ್ನಿಸ್‌ನ ತಂಗಿ ಪ್ರಿಮ್ ಇದ್ದಾಳೆ. ಆಗ ಉಳಿದವು ಸಿಡಿಯುತ್ತವೆ.

ಇಡೀ ಸರಣಿ ಶುರುವಾದದ್ದೇ ಈ ತಂಗಿಯನ್ನು ಉಳಿಸಲು. ಚೀಟಿಯಲ್ಲಿ ಬಂದದ್ದು ಪ್ರಿಮ್ ಹೆಸರು. ಅವಳ ಬದಲು ಅಕ್ಕ ಹೋಗಿದ್ದಳು. ಆ ಬಾಂಬು ನಿನ್ನದೇ ಅಂತ ಕ್ಯಾಟ್ನಿಸ್ ಕೇಳಿದಾಗ ಗೇಲ್‌ಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಅವರಿಬ್ಬರ ಸ್ನೇಹ ಅಲ್ಲಿಗೆ ಮುಗಿಯುತ್ತದೆ. ದಂಗೆಯ ನಾಯಕಿ ಕಾಯಿನ್ ಗೆದ್ದ ಮೇಲೆ ಇಡುವ ಪ್ರಸ್ತಾಪ ಏನು? ಇನ್ನೊಂದು ಸಲ ಆ ಆಟ ನಡೆಸೋಣ, ಈ ಸಲ ರಾಜಧಾನಿಯ ಮಕ್ಕಳಿಂದ. ಕ್ಯಾಟ್ನಿಸ್‌ನ ಬಾಣ ಸೋತ ಅಧ್ಯಕ್ಷನಿಗೆ ಬೀಳಬೇಕಿತ್ತು. ಅದು ಕಾಯಿನ್‌ಗೆ ಬೀಳುತ್ತದೆ.

ಕಾಲಿನ್ಸ್ ಅವರ ತಂದೆ ಅಮೆರಿಕದ ವಾಯುಪಡೆಯಲ್ಲಿದ್ದರು. ಮಗಳಿಗೆ ಆರು ವರ್ಷ ಇದ್ದಾಗ ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದರು. ಈ ಕಥೆ ಹೊಳೆದದ್ದು ಒಂದು ರಾತ್ರಿ ಟಿವಿ ಚಾನೆಲ್ ಬದಲಿಸುತ್ತಿದ್ದಾಗ ಅಂತ ಅವರು ಹೇಳಿಕೊಂಡಿದ್ದಾರೆ. ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧದ ದೃಶ್ಯ. ನಿದ್ದೆಗಣ್ಣಿನಲ್ಲಿ ಎರಡೂ ಕಲೆತುಹೋದವು. ಹಾಗಾಗಿ ಅವರ ಯುದ್ಧದಲ್ಲಿ ಕ್ಯಾಮೆರಾ ಯಾವಾಗಲೂ ಇರುತ್ತದೆ. ಕ್ಯಾಟ್ನಿಸ್‌ಗೆ ಬಣ್ಣ ಹಚ್ಚಿ, ಮಾತು ಹೇಳಿಕೊಟ್ಟು, ದಂಗೆಯ ಜಾಹೀರಾತು ತೆಗೆಯುವುದು ದಂಗೆಕೋರರೇ.

ಉಳಿದವುಗಳನ್ನು ಬೇಗ ಹೇಳುತ್ತೇನೆ. ಪಾವ್ಲೊ ಬಾಚಿಗಲುಪಿ 2012ರಲ್ಲಿ ಬರೆದ 'ದಿ ಡ್ರೌನ್ಡ್ ಸಿಟೀಸ್' ಮಕ್ಕಳನ್ನು ಸೈನಿಕರನ್ನಾಗಿ ಮಾಡುವುದರ ಬಗ್ಗೆ. ಕೈ ಕಡಿಸಿಕೊಂಡ ಮಾಲಿಯಾ ಎಂಬ ಹುಡುಗಿ, ಸೇನೆ ಎಳೆದುಕೊಂಡು ಹೋದ ಮೌಸ್ ಎಂಬ ಹುಡುಗ. ಮೌಸ್‌ಗೆ ಹೊಸ ಹೆಸರು ಕೊಡುತ್ತಾರೆ, ಮೈಗೆ ಬರೆ ಹಾಕುತ್ತಾರೆ. ಕೊನೆಗೆ ತನ್ನನ್ನು ಹಿಡಿದವರನ್ನೇ ಅಣ್ಣಂದಿರು ಅಂದುಕೊಳ್ಳುವ ಹಾಗೆ ಆಗುತ್ತಾನೆ. ಇದು ಕಲ್ಪನೆಯ ಭವಿಷ್ಯದ ಕಥೆ. ಆದರೆ ಹದಿನೆಂಟರ ಕೆಳಗಿನವರನ್ನು ಹೋರಾಟಕ್ಕೆ ಇಳಿಸಬಾರದು ಅಂತ ವಿಶ್ವಸಂಸ್ಥೆ 2000ನೇ ಇಸವಿಯಲ್ಲಿ ಒಪ್ಪಂದ ತರಬೇಕಾಯಿತು ಅಂದರೆ, ಅದು ಎಷ್ಟು ನಿಜ ಅಂತ ಗೊತ್ತಾಗುತ್ತದೆ ಅಲ್ವಾ? ನೆಸ್ ಅವರ ಮೂರನೆಯ ಪುಸ್ತಕ 'ಮಾನ್‌ಸ್ಟರ್ಸ್ ಆಫ್ ಮೆನ್' ಇನ್ನೊಂದು ಧೈರ್ಯ ಮಾಡುತ್ತದೆ. ಅಲ್ಲಿಯವರೆಗೆ ಶತ್ರು ಅನ್ನಿಸಿಕೊಂಡಿದ್ದ ಸ್ಪ್ಯಾಕಲ್‌ಗಳಲ್ಲೇ ಒಬ್ಬನ ಬಾಯಲ್ಲಿ ಕಥೆ ಹೇಳಿಸುತ್ತದೆ. ಮಕ್ಕಳ ಪುಸ್ತಕಗಳಿಗೆ ಬ್ರಿಟನ್ನಿನಲ್ಲಿ ಕೊಡುವ ಕಾರ್ನೆಗಿ ಪದಕ 2011ರಲ್ಲಿ ಬಂದದ್ದು ಅದಕ್ಕೆ.

ಮರುದಿನ

ನಮ್ಮ ಹುಡುಗಿಯ ಪ್ರಶ್ನೆಗೆ ಈಗ ಬರುತ್ತೇನೆ.

ಯುದ್ಧದಿಂದ ಬಂದವರ ಮನಸ್ಸಿಗೆ ಆಗುವ ಗಾಯಕ್ಕೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ 'ಶೆಲ್ ಶಾಕ್' ಅನ್ನುತ್ತಿದ್ದರು. ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರನ್ನು ನೋಡಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಸೇರಿತು. ನಡೆದುಹೋದದ್ದು ಮತ್ತೆ ಕಣ್ಣ ಮುಂದೆ ಬರುವುದು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಹತ್ತಿರದವರಿಂದ ದೂರ ಸರಿಯುವುದು, ಉಳಿದುಕೊಂಡೆನಲ್ಲ ಅನ್ನುವ ಪಾಪಭಾವ. ಇವೆಲ್ಲ ಅದರ ಗುರುತುಗಳು. ಹೀಗೆ ಪಟ್ಟಿ ಮಾಡಿ ಹೇಳಿದರೆ ಮಗುವಿಗೆ ಅದು ಪಠ್ಯಪುಸ್ತಕ. ಕಾದಂಬರಿ ಬೇರೆ ಕೆಲಸ ಮಾಡುತ್ತದೆ.

'ಮಾಕಿಂಗ್‌ಜೇ'ಯಲ್ಲಿ ಪೀಟಾ ಎಂಬ ಹುಡುಗನನ್ನು ಶತ್ರುಗಳು ಹಿಡಿದು, ವಿಷ ಕೊಟ್ಟು, ಅವನ ನೆನಪುಗಳನ್ನು ತಿರುಚಿರುತ್ತಾರೆ. ಪ್ರೀತಿಸಿದವಳೇ ಅವನಿಗೆ ರಾಕ್ಷಸಿಯಾಗಿ ಕಾಣುತ್ತಾಳೆ. ಅವನು ಸುಧಾರಿಸುವುದು ಒಂದು ಆಟದಿಂದ. ಒಂದೊಂದು ನೆನಪನ್ನೂ ಎತ್ತಿ ಕೇಳುತ್ತಾನೆ: ಇದು ನಿಜವೋ ಅಲ್ಲವೋ? ಜೊತೆಯವರು ಉತ್ತರ ಕೊಡುತ್ತಾರೆ. ಕ್ಯಾಟ್ನಿಸ್ ಸುಟ್ಟುಹೋದ ತನ್ನ ಜಿಲ್ಲೆಗೆ ಮರಳುತ್ತಾಳೆ. ಅಮ್ಮ ಬರುವುದಿಲ್ಲ. ಆ ಊರನ್ನು ನೋಡಲು ಅವಳಿಂದ ಆಗುವುದಿಲ್ಲ, ಬೇರೆ ಜಿಲ್ಲೆಯಲ್ಲಿ ಆಸ್ಪತ್ರೆ ಕೆಲಸಕ್ಕೆ ಸೇರುತ್ತಾಳೆ. ಒಬ್ಬ ಮುದುಕಿ ಬಂದು ಅಡುಗೆ ಮಾಡಿ ಹಾಕುತ್ತಾಳೆ. ಪೀಟಾ ಬಂದು ಅಂಗಳದಲ್ಲಿ ಪ್ರಿಮ್‌ಳ ಹೆಸರಿನ ಹೂವಿನ ಗಿಡ ನೆಡುತ್ತಾನೆ. ಸತ್ತವರ ಬಗ್ಗೆ ನೆನಪಿದ್ದದ್ದನ್ನೆಲ್ಲ ಬರೆದು, ಚಿತ್ರ ಬಿಡಿಸಿ, ಒಂದು ಪುಸ್ತಕ ಮಾಡುತ್ತಾರೆ. ಯುದ್ಧ ಮುಗಿದು ಇಪ್ಪತ್ತು ವರ್ಷ ಆಗುವ ಹೊತ್ತಿಗೆ ಅವಳಿಗೆ ಇಬ್ಬರು ಮಕ್ಕಳು. ಅವರು ಹುಲ್ಲುಗಾವಲಿನಲ್ಲಿ ಆಡುತ್ತಾರೆ. ಸತ್ತವರನ್ನು ಹೂತದ್ದು ಅದೇ ಹುಲ್ಲುಗಾವಲಿನಲ್ಲಿ. ಮಕ್ಕಳಿಗೆ ಅದು ಗೊತ್ತಿಲ್ಲ. ಕ್ಯಾಟ್ನಿಸ್‌ಗೆ ಕೆಟ್ಟ ಕನಸು ಇನ್ನೂ ಬೀಳುತ್ತದೆ. ಅಂಥ ದಿನ ಅವಳು ತಾನು ಕಂಡ ಒಳ್ಳೆಯ ಕೆಲಸಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲೇ ಎಣಿಸುತ್ತಾಳೆ.

ಎಣಿಸುವುದು ಅಂದಾಗ ನನಗೆ ನಮ್ಮ ಅಪ್ಪ ನೆನಪಾದರು. 1971ರಲ್ಲಿ ಅವರು ಪೂರ್ವ ಗಡಿಯಲ್ಲಿದ್ದರು. ಕೊಡಗಿನಲ್ಲಿ ಇಂಥ ಅಪ್ಪಂದಿರು, ಅಜ್ಜಂದಿರು ಮನೆ ಮನೆಯಲ್ಲೂ ಇದ್ದಾರೆ. ಆಯುಧಗಳಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಹೂವು ಇಟ್ಟು ಪೂಜೆ ಮಾಡುವಾಗ ಅಪ್ಪ ಮುಂದೆ ಇರುತ್ತಾರೆ. ಆದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನಿಂತದ್ದನ್ನು ನಾನು ನೋಡಿಲ್ಲ. ಪ್ರತಿ ರಾತ್ರಿ ಮಲಗುವ ಮೊದಲು ಬಾಗಿಲಿನ ಹತ್ತಿರ ಹೋಗಿ ಮನೆಯವರ ಚಪ್ಪಲಿ ಎಣಿಸುತ್ತಾರೆ. ಒಂದು ಜೊತೆ ಕಡಿಮೆ ಇದ್ದರೆ ಮಲಗುವುದಿಲ್ಲ. ಚಿಕ್ಕವರಿದ್ದಾಗ ಇದು ಅಪ್ಪನ ಅಭ್ಯಾಸ ಅಂತ ಅಷ್ಟೇ ಅಂದುಕೊಂಡಿದ್ದೆವು.

ಆ ಮಳೆಯ ವಾರದಲ್ಲೇ ಹುಡುಗಿ ಅಜ್ಜನನ್ನು ಕೇಳಿದಳು: "ಅಜ್ಜ, ಢಾಕಾದಲ್ಲಿ ಶರಣಾದರಲ್ಲ, ಡಿಸೆಂಬರ್ 16. ಅದರ ಮರುದಿನ ನೀವೆಲ್ಲ ಏನು ಮಾಡಿದಿರಿ?" ನಾನು ಕೂಡ ಯಾವತ್ತೂ ಕೇಳದ ಪ್ರಶ್ನೆ. ಗೆದ್ದ ದಿನದ ಬಗ್ಗೆ ಎಲ್ಲರೂ ಕೇಳಿದ್ದೆವು. ಅಪ್ಪ ಸ್ವಲ್ಪ ಯೋಚನೆ ಮಾಡಿದರು. "ಪಾತ್ರೆ ತೊಳೆದೆವು. ತುಂಬ ದಿನ ಆಗಿತ್ತು ಸರಿಯಾಗಿ ತೊಳೆದು" ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಜೋಡಿಸಿ ಇಟ್ಟಾಗ ತಟ್ಟೆ ಜಾಸ್ತಿ ಇದ್ದವು" ಅಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಈ ಮರುದಿನವನ್ನು ಬರೆಯುವುದು ಕಷ್ಟ. ಸುಮಾರು ಕಾದಂಬರಿಗಳು ಅಲ್ಲಿಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತವೆ. ಕೆಟ್ಟ ದೊರೆ ಬಿದ್ದ, ಪ್ರೀತಿಸಿದವರು ಸೇರಿದರು, ಮುಗಿಯಿತು. ಅನ್ನ ಎಲ್ಲಿಂದ ಬಂತು, ಶಾಲೆ ಯಾರು ತೆರೆದರು, ಸೋತವರ ಮಕ್ಕಳು ಎಲ್ಲಿ ಹೋದರು ಅನ್ನುವುದು ಇರುವುದೇ ಇಲ್ಲ. ಒಬ್ಬಳು ಹುಡುಗಿ ಇಡೀ ರಾಜ್ಯವನ್ನು ಉರುಳಿಸಿಬಿಡುತ್ತಾಳೆ ಅನ್ನುವ ನಂಬಿಕೆಯೂ ಈ ಪ್ರಕಾರದ ದೊಡ್ಡ ಕೊರತೆ ಅಂತ ನನಗೆ ಅನಿಸುತ್ತದೆ. 'ಹಂಗರ್ ಗೇಮ್ಸ್' ಕೂಡ ಇದರಿಂದ ಪೂರಾ ತಪ್ಪಿಸಿಕೊಂಡಿಲ್ಲ. ಅಲ್ಲಿಯೂ ಹೊಸ ಸರ್ಕಾರ ಹೇಗೆ ನಡೆಯಿತು ಅನ್ನುವುದು ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ.

ಇದನ್ನು ಎದುರಿಸಿ ಬರೆದವರು ಆಸ್ಟ್ರೇಲಿಯಾದ ಜಾನ್ ಮಾರ್ಸ್‌ಡೆನ್. 1993ರಲ್ಲಿ ಬಂದ 'ಟುಮಾರೋ, ವೆನ್ ದಿ ವಾರ್ ಬಿಗ್ಯಾನ್' ಕಾದಂಬರಿಯಲ್ಲಿ ಎಲ್ಲಿ ಎಂಬ ಹುಡುಗಿ ಮತ್ತು ಅವಳ ಆರು ಗೆಳೆಯರು ಬೆಟ್ಟದ ನಡುವೆ ಕ್ಯಾಂಪ್ ಹಾಕಲು ಹೋಗಿರುತ್ತಾರೆ. ವಾಪಸ್ ಬಂದಾಗ ಸಾಕಿದ ನಾಯಿಗಳು ಸತ್ತಿವೆ, ಮನೆಯಲ್ಲಿ ಯಾರೂ ಇಲ್ಲ. ದೇಶವನ್ನು ಬೇರೆಯವರು ಹಿಡಿದಿದ್ದಾರೆ. ಹಿಡಿದವರು ಯಾರು ಅಂತ ಲೇಖಕರು ಹೆಸರು ಹೇಳುವುದಿಲ್ಲ. ಏಳು ಪುಸ್ತಕಗಳಲ್ಲಿ ಆ ಯುದ್ಧ ಮುಗಿಯಿತು. ಮಾರ್ಸ್‌ಡೆನ್ ಅಲ್ಲಿಗೆ ನಿಲ್ಲಿಸಲಿಲ್ಲ. 2003ರಿಂದ 2006ರ ನಡುವೆ ಇನ್ನೂ ಮೂರು ಪುಸ್ತಕ ಬರೆದರು, ಯುದ್ಧದ ನಂತರ ಆ ಹುಡುಗಿಯ ಬದುಕಿನ ಬಗ್ಗೆ. ಒಪ್ಪಂದ ಆಗಿದೆ, ದೇಶ ಎರಡಾಗಿದೆ, ಹೊಸ ಗಡಿ ಬಂದಿದೆ. ಗಡಿ ದಾಟಿ ಬಂದವರ ದಾಳಿಯಲ್ಲಿ ಅವಳ ತಂದೆತಾಯಿ ಸಾಯುತ್ತಾರೆ, ಅದೂ ಶಾಂತಿ ಬಂದ ಮೇಲೆ. ಅವಳಿಗೆ ಈಗ ಶಾಲೆ ಇದೆ, ದನಗಳಿವೆ, ಜಮೀನಿನ ಮೇಲೆ ಸಾಲ ಇದೆ. ಕಾಫಿ ತೋಟ ಇಟ್ಟುಕೊಂಡವರು ಆ ಪುಟಗಳನ್ನು ಓದಬೇಕು. ಸೇತುವೆ ಉಡಾಯಿಸಿದ ಹುಡುಗಿ ಬ್ಯಾಂಕಿನ ಲೆಕ್ಕ ಮುಂದಿಟ್ಟುಕೊಂಡು ಯಾವ ದನ ಮಾರಲಿ ಅಂತ ಯೋಚಿಸುವುದನ್ನು ನಾನು ಬೇರೆ ಎಲ್ಲೂ ಓದಿಲ್ಲ.

ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ಮಕ್ಕಳು ಅಂಗಳದ ಟ್ಯಾಂಕ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅವರು ಗೆದ್ದ ಯುದ್ಧಗಳ ಬಗ್ಗೆ ಎಲ್ಲರಿಗೂ ಗೊತ್ತು. ಕೊರಿಯಾ ಯುದ್ಧ ನಿಂತ ಮೇಲೆ, 1953 ಮತ್ತು 54ರಲ್ಲಿ, ಅವರು ಮಾಡಿದ ಕೆಲಸ ಮಾತ್ರ ಅಷ್ಟು ಗೊತ್ತಿಲ್ಲ. ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳಿದ್ದರು. ಅವರನ್ನು ಏನು ಮಾಡುವುದು ಅಂತ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ, 1965ರ ಡಿಸೆಂಬರಿನಲ್ಲಿ, ಅಲ್ಲಿಯೇ ತೀರಿಕೊಂಡರು. ಗುಂಡಿನ ಸದ್ದು ನಿಂತ ಮೇಲೂ ಎಷ್ಟು ಕೆಲಸ ಉಳಿದಿರುತ್ತದೆ ಅಂತ ಅವರ ಜೀವನದ ಈ ಭಾಗ ಓದಿದರೆ ತಿಳಿಯುತ್ತದೆ. ನಾನು ಹುಡುಗಿಗೆ ಮಾರ್ಸ್‌ಡೆನ್ ಪುಸ್ತಕದ ಜೊತೆ ಇದನ್ನೂ ಹೇಳಿದೆ.

ಮಡಿಲಿನಂಥ ಕಣಿವೆ

ಯುದ್ಧವನ್ನು ಒಂದು ಸಲವೂ ತೋರಿಸದೆ ಬರೆದ ಪುಸ್ತಕವೂ ಇದೆ. ರಾಬರ್ಟ್ ಸಿ. ಓಬ್ರಿಯನ್ ಅವರ 'ಝಡ್ ಫಾರ್ ಝಕಾರಾಯಾ', 1974ರದ್ದು. ಲೇಖಕರು ತೀರಿಕೊಂಡ ಮೇಲೆ ಅವರ ಹೆಂಡತಿ, ಮಗಳು ಮುಗಿಸಿ ಕೊಟ್ಟದ್ದು. ಅಣುಬಾಂಬಿನ ಯುದ್ಧದಲ್ಲಿ ಎಲ್ಲ ಸತ್ತುಹೋಗಿದೆ. ಒಂದು ಕಣಿವೆ ಮಾತ್ರ ಉಳಿದಿದೆ, ಯಾಕೆಂದರೆ ಅದಕ್ಕೆ ತನ್ನದೇ ಗಾಳಿ, ತನ್ನದೇ ಹವೆ. ಹದಿಹರೆಯದ ಆ್ಯನ್ ಒಬ್ಬಳೇ ಅಲ್ಲಿ ಹಸು ಕರೆದು, ಮೀನು ಹಿಡಿದು, ಗದ್ದೆ ಮಾಡಿಕೊಂಡು ಇದ್ದಾಳೆ. ಒಂದು ದಿನ ವಿಷಗಾಳಿ ತಡೆಯುವ ಹಸಿರು ಉಡುಪು ಹಾಕಿಕೊಂಡ ಒಬ್ಬ ಮನುಷ್ಯ ಬರುತ್ತಾನೆ. ಮೊದಲು ಜೊತೆ ಸಿಕ್ಕಿತು ಅಂತ ಆಸೆ. ನಿಧಾನಕ್ಕೆ ಅವನು ಆ ಜಾಗವನ್ನು, ಅವಳನ್ನು, ತನ್ನದು ಅಂದುಕೊಳ್ಳುತ್ತಾನೆ. ಭೂಮಿಯ ಮೇಲೆ ಉಳಿದವರು ಬಹುಶಃ ಇಬ್ಬರೇ. ಆ ಇಬ್ಬರ ನಡುವೆ ಮತ್ತೆ ಯುದ್ಧ. ಕೊನೆಗೆ ಕಣಿವೆಯನ್ನು ಬಿಟ್ಟು ಹೋಗುವವಳು ಅವಳೇ.

ನಾನು ಇದನ್ನು ಮೊದಲು ಕಾಲೇಜಿನಲ್ಲಿ ಓದಿದ್ದೆ. ಆಗ ಆ ಕಣಿವೆ ನಮ್ಮೂರಿನ ಹಾಗೆಯೇ ಅನಿಸಿತ್ತು. ಹೊರಗೆ ಏನಾದರೂ ಆಗಲಿ, ಬೆಟ್ಟಗಳು ನಮ್ಮನ್ನು ಕಾಯುತ್ತವೆ ಅನ್ನುವ ಭಾವನೆ. 2018ರ ಆಗಸ್ಟ್ ನಂತರ ಹಾಗೆ ಓದಲು ಆಗುವುದಿಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟಗಳೇ ಜಾರಿ ಬಂದವು. ಅದು ಯುದ್ಧವಲ್ಲ, ಹೋಲಿಸುವಾಗ ನಾನು ಹೆದರುತ್ತೇನೆ. ಆದರೆ ನಿರಾಶ್ರಿತರ ಶಿಬಿರದಲ್ಲಿ ಮಲಗಿದ ಮಕ್ಕಳು, ಆಮೇಲೆ ಜೋರು ಮಳೆ ಬಂದಾಗಲೆಲ್ಲ ಎದ್ದು ಕೂರುವ ದೊಡ್ಡವರು, ಮನೆ ಇದ್ದ ಜಾಗ ತೋರಿಸಿ ಸುಮ್ಮನಾಗುವ ಅಜ್ಜಿಯರು, ಇವರೆಲ್ಲ ನಮ್ಮ ನಡುವೆ ಇದ್ದಾರೆ. ಇಲ್ಲಿಯ ಮಗುವಿಗೆ ಕ್ಯಾಟ್ನಿಸ್‌ನ ಸುಟ್ಟ ಜಿಲ್ಲೆ ಅರ್ಥವಾಗುವುದಕ್ಕೆ ಅಮೆರಿಕ ಗೊತ್ತಿರಬೇಕಾಗಿಲ್ಲ.

ಕನ್ನಡದವರಿಗೆ ಯುದ್ಧದ ನಂತರದ ಕಥೆ ಹೊಸದೂ ಅಲ್ಲ. ಸಾವಿರ ವರ್ಷದ ಹಿಂದೆ ರನ್ನ ತನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ರಣರಂಗದಲ್ಲಿ ನಡೆಸಿದ. ಸಂಜಯನ ಜೊತೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಾ ಹೋಗುವ ರಾಜ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರಾಗಿ ಕಾಣುತ್ತಾರೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಅವನಿಗೆ ಕೈ ಮುಗಿಯುತ್ತಾನೆ. ತನ್ನ ಮಗ ಲಕ್ಷಣಕುಮಾರನ ಹೆಣದ ಮುಂದೆ, ಮಗ ಅಪ್ಪನಿಗೆ ಬಿಡಬೇಕಾದ ತರ್ಪಣದ ನೀರನ್ನು ಅಪ್ಪನೇ ಮಗನಿಗೆ ಬಿಡುವ ಹಾಗಾಯಿತಲ್ಲ ಅಂತ ಅಳುತ್ತಾನೆ. ಇದನ್ನು ಪಿಯುಸಿಯಲ್ಲಿ ನಾವು ಅಲಂಕಾರ, ಛಂದಸ್ಸು ಅಂತ ಓದಿ ಮುಗಿಸಿದ್ದೆವು. ಇಂಗ್ಲಿಷ್ ಪುಸ್ತಕ ಹಿಡಿದು ಕೂತ ಮಕ್ಕಳಿಗೆ ಆ ನಡಿಗೆಯ ಕಥೆಯನ್ನು ಸುಮ್ನೆ ಮಾತಿನಲ್ಲಿ ಹೇಳಿ ನೋಡಿ. ತುಂಬ ಬೇಗ ಹಿಡಿಯುತ್ತಾರೆ.

ಮಕ್ಕಳಿಗೆ ಇದೆಲ್ಲ ಯಾಕೆ, ಹೆದರುತ್ತಾರೆ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಕೇಳುವುದು ನ್ಯಾಯವೇ. ಎಲ್ಲ ಪುಸ್ತಕ ಎಲ್ಲ ವಯಸ್ಸಿಗೆ ಅಲ್ಲ. 'ದಿ ಗಿವರ್' ಹನ್ನೆರಡರ ಮಗು ಓದಬಹುದು, ಯುದ್ಧದ ಅಧ್ಯಾಯದ ದಿನ ದೊಡ್ಡವರು ಜೊತೆಗಿದ್ದರೆ ಒಳ್ಳೆಯದು. 'ಹಂಗರ್ ಗೇಮ್ಸ್' ಹದಿಮೂರು ಹದಿನಾಲ್ಕಕ್ಕೆ. 'ದಿ ಡ್ರೌನ್ಡ್ ಸಿಟೀಸ್' ನಾನು ಹದಿನಾರರ ಕೆಳಗೆ ಕೊಡುವುದಿಲ್ಲ. ಆದರೆ ಹೆದರಿಕೆಯ ವಿಷಯಕ್ಕೆ ಬಂದರೆ, ಮೊಬೈಲಿನಲ್ಲಿ ಬರುವ ನಿಜವಾದ ಯುದ್ಧದ ತುಣುಕುಗಳು ಮಕ್ಕಳನ್ನು ತಲುಪಿಯಾಗಿದೆ. ಹಿಂದೆ ಮುಂದೆ ಏನೂ ಇಲ್ಲದ ಮೂವತ್ತು ಸೆಕೆಂಡಿನ ಸ್ಫೋಟ ಅದು. ಅಲ್ಲಿ ಸತ್ತವನಿಗೆ ಹೆಸರಿಲ್ಲ, ಮರುದಿನ ಇಲ್ಲ. ಮುನ್ನೂರು ಪುಟದ ಕಾದಂಬರಿಯಲ್ಲಿ ಅವನಿಗೆ ಒಬ್ಬ ಅಕ್ಕ ಇರುತ್ತಾಳೆ, ಬೆಕ್ಕು ಇರುತ್ತದೆ, ಅವನು ಹೋದ ಮೇಲೆ ಅಡುಗೆಮನೆ ಹೇಗಿತ್ತು ಅಂತ ಗೊತ್ತಾಗುತ್ತದೆ.

ಮೊನ್ನೆ ಹುಡುಗಿಗೆ ಮೆಗ್ ರೋಸಾಫ್ ಅವರ 'ಹೌ ಐ ಲಿವ್ ನೌ' ಕೊಟ್ಟೆ. 2004ರ ಪುಸ್ತಕ. ನ್ಯೂಯಾರ್ಕಿನ ಹದಿನೈದರ ಡೇಸಿ ಇಂಗ್ಲೆಂಡಿನ ಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಗೆ ಬರುತ್ತಾಳೆ. ಚಿಕ್ಕಮ್ಮ ಊರಲ್ಲಿ ಇಲ್ಲದಾಗ ಯುದ್ಧ ಶುರುವಾಗುತ್ತದೆ. ಮೊದಲು ಮಕ್ಕಳಿಗೆ ಅದು ರಜೆಯ ಹಾಗೆ. ಊಟ ಮಾಡಲು ಒಪ್ಪದೆ ಕಾಯಿಲೆ ಬಿದ್ದಿದ್ದ ಡೇಸಿ, ಊಟವೇ ಸಿಗದ ಕಾಲ ಬಂದಾಗ ತನಗಿಂತ ಚಿಕ್ಕವಳಾದ, ಚಿಕ್ಕಮ್ಮನ ಮಗಳು ಪೈಪರ್‌ಗೆ ಕಾಡಿನಲ್ಲಿ ಏನು ತಿನ್ನಿಸಲಿ ಅಂತ ಹುಡುಕುತ್ತಾ ನಡೆಯುತ್ತಾಳೆ. ಯುದ್ಧ ಯಾರ ಯಾರ ನಡುವೆ ಅಂತ ಅವಳಿಗೆ ಸರಿಯಾಗಿ ತಿಳಿಯುವುದೇ ಇಲ್ಲ. ಆರು ವರ್ಷದ ನಂತರ ಅವಳು ಮರಳಿ ಬಂದಾಗ ಚಿಕ್ಕಮ್ಮನ ಮಗ ಎಡ್ಮಂಡ್ ಮಾತು ಬಿಟ್ಟಿದ್ದಾನೆ. ಮೈಮೇಲೆ ತಾನೇ ಮಾಡಿಕೊಂಡ ಗಾಯಗಳು. ಅವನು ಕೊಲೆಗಳನ್ನು ಕಣ್ಣಾರೆ ಕಂಡವನು. ಅವನಿಗೆ ಉಳಿದಿರುವುದು ಒಂದು ತೋಟ. ಡೇಸಿ ಅವನ ಪಕ್ಕ ಕೂತು ತೋಟದ ಕೆಲಸ ಕಲಿಯುತ್ತಾಳೆ.

ಹುಡುಗಿ ಇನ್ನೂ ಅರ್ಧ ಓದಿದ್ದಾಳೆ. ಮಕ್ಕಳೆಲ್ಲ ಹೊಳೆಯಲ್ಲಿ ಈಜುತ್ತಿರುವ ಭಾಗದಲ್ಲಿದ್ದಾಳೆ, ತುಂಬ ಖುಷಿಯಾಗಿದ್ದಾಳೆ. ನಾನು ಮುಂದಿನದು ಹೇಳಿಲ್ಲ. ಅಪ್ಪನೂ ಸಂಜೆ ಅವಳ ಪಕ್ಕ ಬಂದು ಕೂರುತ್ತಾರೆ, ಓದಿದಷ್ಟನ್ನು ಕನ್ನಡದಲ್ಲಿ ಹೇಳು ಅಂತಾರೆ. ನಿನ್ನೆ ಕೇಳಿದರು: "ಆ ಚಿಕ್ಕ ಹುಡುಗಿ ಪೈಪರ್ ಮನೆಗೆ ಬರ್ತಾಳಾ?"